ಮಂಗಳವಾರ, ಮಧ್ಯಾಹ್ನ ಒಂದು ಗಂಟೆ

ಮೂರನೆಯ ತಂಬಿಗೆ ನೀರು ಹೊಯ್ದ ಮೇಲೆ ಶ್ಯಾಮಲಮ್ಮ ಅರಿಸಿನದ ಕೈಯನ್ನು ಕನಕಮ್ಮನ ಕುತ್ತಿಗೆಯಿಂದ ಕೆಳಕ್ಕೆ ಸವರಿದಳು. ಹಿತ್ತಲಲ್ಲಿ ನಾಲ್ವರು ಹೆಂಗಸರು ಸೀರೆ ಹಿಡಿದು ಮರೆ ಮಾಡಿದ್ದರು. ಹಲಗೆಯ ಮೇಲೆ ಮಲಗಿದ್ದ ಕನಕಮ್ಮನ ಮೈ ತಣ್ಣಗಿತ್ತು. ಹೊಯ್ದ ಬಿಸಿನೀರು ಅದನ್ನು ಮುಟ್ಟಿದ್ದೇ ತಣ್ಣಗಾಗಿ ಹರಿದುಹೋಗುತ್ತಿತ್ತು.

"ಅರಿಸಿನ ಹಚ್ಚೋದ್ ಬಿಟ್ಟು ಅದೇನ್ ತಡಕ್ತಿದ್ದೀಯೆ?" ಎಂದಳು ಚೆನ್ನಮ್ಮ. ಅವಳು ಮನೆಯ ಗಂಡಸರಿಗೆ ಸೋದರತ್ತೆ. ಊರಿನಲ್ಲಿ ಯಾರು ಸತ್ತರೂ ಮೈ ತೊಳೆಸುವ ಹಿರಿಯಳು.

ಶ್ಯಾಮಲಮ್ಮ ತನ್ನ ಕೈಯನ್ನು ನೋಡಿಕೊಂಡಳು. ನಡುವಿನ ಮೂರು ಬೆರಳು ಜೋಡಿಯಾಗಿ ಸತ್ತವಳ ಎಡ ಎದೆಯ ಮೇಲೆ ಸಣ್ಣ ಸಣ್ಣ ಸುತ್ತು ಹಾಕುತ್ತಿದ್ದವು. ಕಂಕುಳಿಂದ ಒಳಕ್ಕೆ, ಮತ್ತೆ ಹೊರಕ್ಕೆ. ಕನಕಮ್ಮನೇ ಕಲಿಸಿದ್ದ ರೀತಿ. ಅಲ್ಲಿ ಗಂಟು ಇರಲಿಲ್ಲ.

"ಬದುಕಿದ್ದಾಗ ಆರ್ ತಿಂಗ್ಳು ಮಾತ್ ಬಿಟ್ಟಿದ್ರಿ. ಈಗ ಸವರಿದ್ರೆ ಅವ್ಳಿಗ್ ಗೊತ್ತಾಯ್ತದಾ?" ಚೆನ್ನಮ್ಮ ತಂಬಿಗೆ ಕಿತ್ತುಕೊಂಡು ಉಳಿದ ನೀರನ್ನು ತಾನೇ ಹೊಯ್ದಳು.

ಕನಕಮ್ಮ, ಶ್ಯಾಮಲಮ್ಮ ಓರಗಿತ್ತಿಯರು. ಅಣ್ಣ ನಾರಾಯಣಸ್ವಾಮಿಯ ಹೆಂಡತಿ ಕನಕಮ್ಮ, ತಮ್ಮ ತಿಮ್ಮರಾಜುವಿನ ಹೆಂಡತಿ ಶ್ಯಾಮಲಮ್ಮ. ತಮಿಳುನಾಡಿನ ಗಡಿಯಲ್ಲಿ, ಬೇರಿಕೆಗೆ ಮೂರು ಮೈಲಿ ದೂರದ ಈ ಊರಿನಲ್ಲಿ ಎರಡು ಮನೆಗೂ ಗೋಡೆ ಒಂದೇ. ನಿನ್ನೆ ಮಧ್ಯಾಹ್ನ ಕನಕಮ್ಮ ಮಾತ್ರೆ ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕದ ಊರಿನಿಂದ ಬರುತ್ತಿದ್ದವಳು ಹುಣಸೆಮರದ ಕೆಳಗೆ ಕುಳಿತಳು, ಹಾಗೇ ಒರಗಿದಳು. ಹೊಸೂರಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಎದೆ ನಿಂತುಹೋಗಿದೆ ಎಂದರು ಡಾಕ್ಟರು. ಅವಳಿಗೆ ಐವತ್ತನಾಲ್ಕು.

ಮೈ ಒರೆಸಿ, ಮದುವೆಯ ಹಸಿರು ಸೀರೆ ಉಡಿಸುವಾಗ ಶ್ಯಾಮಲಮ್ಮ ಎರಡು ಸಲ ಬಿಸಿಲು ನೋಡಿದಳು. ಎಂಟೂವರೆ ಆಗಿರಬೇಕು. ಇವತ್ತು ಮಂಗಳವಾರ. ಎಲ್ಲ ಸರಿಯಿದ್ದಿದ್ದರೆ ತಾನು ಮತ್ತು ಅಕ್ಕ ಹನ್ನೊಂದರ ಬಸ್ಸು ಹತ್ತಬೇಕಿತ್ತು. ಒಂದು ಗಂಟೆಗೆ ಕೃಷ್ಣಗಿರಿಯ ಆಸ್ಪತ್ರೆ. ಅದು ಅವರಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಈಗ ಒಬ್ಬರಿಗೆ ಮಾತ್ರ ಗೊತ್ತು.

ಹೋಗದಿದ್ದರೆ ಇನ್ನು ಯಾರೂ ಕೇಳುವುದಿಲ್ಲ. ಈ ಯೋಚನೆ ಬಂದಾಗ ಶ್ಯಾಮಲಮ್ಮನಿಗೆ ಭಾರ ಇಳಿದಂತಾಯಿತು. ಮರುಕ್ಷಣವೇ ಆ ಹಗುರಕ್ಕೆ ಹೆದರಿ ಎದ್ದು, ಬೇಡದಿದ್ದರೂ ನೀರು ತರಲು ತೊಟ್ಟಿಯ ಕಡೆ ಹೋದಳು.

*

ಕನಕಮ್ಮನದು ಅಂಚೆಟ್ಟಿ ಕಡೆಯ ತವರು. ಬಸ್ಸಿಗೆಂದು ಕಾಡುದಾರಿಯಲ್ಲಿ ಏಳು ಮೈಲಿ ನಡೆದು ಬೆಳೆದವಳು. ಸೊಸೆಯಾಗಿ ಬಂದ ಮೇಲೂ ಅವಳ ನಡಿಗೆ ಊರಿಗೆಲ್ಲ ಒಂದು ತಮಾಷೆಯಾಗಿತ್ತು. ಜೊತೆಯಲ್ಲಿ ಹೊರಟವರು ಹತ್ತು ಹೆಜ್ಜೆಗೆ ಹಿಂದೆ ಬೀಳುತ್ತಿದ್ದರು. ತಮಿಳಿನಲ್ಲಿ ಹತ್ತನೇ ಕ್ಲಾಸು ಓದಿದ್ದಳು. ಇಲ್ಲಿನ ಹೆಂಗಸರಲ್ಲಿ ಕೆಲವರಿಗೆ ಕನ್ನಡ ಬರುತ್ತಿತ್ತು, ಕೆಲವರಿಗೆ ತೆಲುಗು ಮಾತು, ಹಲವರಿಗೆ ಯಾವ ಅಕ್ಷರವೂ ಇಲ್ಲ. ಸರ್ಕಾರದ ತಮಿಳು ಚೀಟಿ ಯಾವುದು ಬಂದರೂ ಕನಕಮ್ಮನ ಹತ್ತಿರ ಬರುತ್ತಿತ್ತು. ಹಾಗಾಗಿಯೇ ಮನೆಮನೆಗೆ ಬಿಪಿ, ಶುಗರ್ ಮಾತ್ರೆ ಮುಟ್ಟಿಸುವ ಕೆಲಸವೂ ಅವಳಿಗೆ ಸಿಕ್ಕಿತು.

ಆರು ವರ್ಷದ ಕೆಳಗೆ ಎದೆಯ ಗಂಟಿನ ಪರೀಕ್ಷೆಗೂ ಹೆಂಗಸರನ್ನು ಕರೆತರಬೇಕೆಂದು ಮೇಲಿನವರು ಹೇಳಿದರು. ಹೇಳಿದರೆ ಯಾರು ಬರುತ್ತಾರೆ? ಹೆಂಗಸರು ಸೆರಗು ಎಳೆದುಕೊಂಡು ನಕ್ಕರು. ಒಂದು ಸಂಜೆ ಕನಕಮ್ಮ ಮೆತ್ತಗೆ ರಾಗಿಮುದ್ದೆ ಕಟ್ಟಿ, ಅದರೊಳಗೆ ಒಂದು ಹುಣಸೆಬೀಜ ಸೇರಿಸಿ ತಟ್ಟೆಯಲ್ಲಿ ತಂದು ಜಗಲಿಯ ಮೇಲಿಟ್ಟಳು.

"ಮುರೀಬಾರ್ದು. ಮೂರ್ ಬೆಳ್ಳಲ್ಲಿ ಒತ್ತಿ ಒತ್ತಿ ಬೀಜ ಎಲ್ಲೈತೆ ಹೇಳ್ಬೇಕು."

ಒಬ್ಬೊಬ್ಬರೇ ಒತ್ತಿದರು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಶ್ಯಾಮಲಮ್ಮನಿಗೆ ಮೊದಲ ಸುತ್ತಿಗೇ ಸಿಕ್ಕಿತು. ಕನಕಮ್ಮ ಅವಳ ಬೆನ್ನು ತಟ್ಟಿ, "ನೋಡ್ರಮ್ಮಾ, ನಮ್ ಶ್ಯಾಮಲನ ಬೆಳ್ಳು" ಎಂದಿದ್ದಳು.

ಈ ವರ್ಷ ಯುಗಾದಿಗೆ ಮುಂಚೆ, ತಲೆಗೆ ನೀರು ಹಾಕಿಕೊಳ್ಳುವಾಗ, ಅದೇ ಬೆರಳುಗಳಿಗೆ ತನ್ನ ಎಡಗಡೆಯಲ್ಲಿ ಬೀಜ ಸಿಕ್ಕಿತು. ಅವಳು ಕನಕಮ್ಮನಿಗೆ ಮಾತ್ರ ಹೇಳಿದಳು. ಇಬ್ಬರೂ ಬೇರಿಕೆಯ ಆಸ್ಪತ್ರೆಗೆ ಹೋಗಿ ತೋರಿಸಿದರು. ಕೃಷ್ಣಗಿರಿಗೆ ಹೋಗಿ ಸೂಜಿ ಹಾಕಿ ನೋಡಿಸಬೇಕು, ತಡ ಮಾಡಬೇಡಿ ಎಂದರು. ಗಂಡನಿಗೆ ತಿಳಿಯಬಾರದೆಂದು ಶ್ಯಾಮಲಮ್ಮ ಆಸ್ಪತ್ರೆಯ ಕಾಗದದಲ್ಲಿ ಅಕ್ಕನ ಫೋನ್ ನಂಬರು ಬರೆಸಿದಳು.

ಮೊದಲ ತಾರೀಕಿಗೆ ಹಸು ಕರು ಹಾಕಿತು. ಎರಡನೆಯದಕ್ಕೆ ನೆಂಟರು ಬಂದರು. ಮೂರನೆಯದಕ್ಕೆ ಯಾವ ನೆಪವೂ ಇರಲಿಲ್ಲ. ಬಸ್ಸು ಬರುವವರೆಗೆ ಹೊಲದಲ್ಲಿ ಕುಳಿತಿದ್ದು, ಅದು ಹೋದ ಮೇಲೆ ಎದ್ದು ಬಂದಳು. ಆಸ್ಪತ್ರೆಗೆ ಹೋಗದಿದ್ದರೆ ಅದಕ್ಕೆ ಹೆಸರಿಲ್ಲ. ಹೋದರೆ ಹೆಸರು ಇಟ್ಟುಬಿಡುತ್ತಾರೆ.

ಕನಕಮ್ಮ ಬಿಡಲಿಲ್ಲ. ಬಾವಿಯ ಹತ್ತಿರ ಹೇಳಿದಳು, ಗೋಡೆಯಾಚೆಯಿಂದ ಹೇಳಿದಳು, ಒಂದು ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲೂ ಪಕ್ಕಕ್ಕೆ ಬಂದು, "ಇನ್ನೊಂದ್ ತಾರೀಕ್ ಬರೆಸ್ತೀನಿ ಕಣೇ, ಈ ಸಲ ತಪ್ಪಿಸ್ಬೇಡ" ಎಂದಳು. ಮುಂದಿದ್ದವಳು ಹಿಂದಿರುಗಿ ನೋಡಿದಳು.

"ನನ್ ಮೈಯೇನ್ ನಿನ್ ರಿಜಿಸ್ಟ್ರಾ?" ಶ್ಯಾಮಲಮ್ಮನ ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಊರೋರ ಎದೆ ಎಲ್ಲ ಲೆಕ್ಕ ಹಾಕ್ಕೊಂಡ್ ತಿರುಗ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

ಕನಕಮ್ಮ ಹಾಲು ಅಳೆಸಿ, ಕ್ಯಾನು ತೊಳೆದುಕೊಂಡು ಹೋದಳು. ಅಲ್ಲಿಂದ ಮಾತು ನಿಂತಿತು. ಓಣಿಯ ನೀರಿಗೆ ಜಗಳವಾಡಿದ್ದಾರೆ ಎಂದು ಗಂಡಸರು ಅಂದುಕೊಂಡರು.

ಮುಂದಿನ ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಶ್ಯಾಮಲಮ್ಮನ ಫೋನು ಎರಡು ಸಲ ಗುಣುಗಿ ನಿಂತಿತು. ನೋಡಿದರೆ ಅಕ್ಕನ ಮಿಸ್ಡ್ ಕಾಲ್. ಅದರ ಮುಂದಿನ ಸೋಮವಾರವೂ ಅಷ್ಟೇ, ಎರಡು ಸಲ. ಆರು ತಿಂಗಳು ಅದು ತಪ್ಪಲಿಲ್ಲ. ಒಂದೇ ಒಂದು ಸೋಮವಾರ ಬೆಳಿಗ್ಗೆ ಬರಲಿಲ್ಲ. ಆವತ್ತು ಶ್ಯಾಮಲಮ್ಮ ಮಧ್ಯಾಹ್ನದೊಳಗೆ ನಾಲ್ಕು ಸಲ ಫೋನು ತೆಗೆದು ನೋಡಿದಳು. ಕನಕಮ್ಮ ಅಂಚೆಟ್ಟಿಗೆ ಹೋಗಿದ್ದಳು, ಅಲ್ಲಿ ಸಿಗ್ನಲ್ ಇರಲಿಲ್ಲ. ಒಂದು ಗಂಟೆಗೆ ಎಲ್ಲೋ ಗುಡ್ಡ ಹತ್ತಿ ಮಾಡಿದಳೋ ಏನೋ, ಎರಡು ಸಲ ಗುಣುಗಿತು.

*

ಯಮಗಂಡ ಕಳೆದು ಹತ್ತೂವರೆಗೆ ಹೆಣ ಎತ್ತುವುದೆಂದು ತೀರ್ಮಾನವಾಗಿತ್ತು. ಅಂಗಳದಲ್ಲಿ ಚಾಪೆಯ ಮೇಲೆ ಕನಕಮ್ಮ ಹಣೆತುಂಬ ಕುಂಕುಮ, ಕೈತುಂಬ ಬಳೆ, ತಲೆತುಂಬ ಹೂವಿನೊಂದಿಗೆ ಮಲಗಿದ್ದಳು. ಹೊರಗೆ ತಿಮ್ಮರಾಜು ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದ. ಸುತ್ತಮುತ್ತಲ ಐದು ಊರಿನ ಹೆಂಗಸರು ಬರುತ್ತಲೇ ಇದ್ದರು.

ಕನಕಮ್ಮನ ಫೋನು ಮಗ ಕುಮಾರೇಶನ ಜೇಬಿನಲ್ಲಿತ್ತು. ಅವನು ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದು, ಹೆಂಡತಿ ಸೌಮ್ಯಳ ಜೊತೆ ಮತ್ತಿಗಿರಿಯಲ್ಲಿ ಮನೆ ಮಾಡಿದ್ದ. ಬೆಳಗಿನಿಂದ ಆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ನನ್ನ ತಾರೀಕು ಯಾವತ್ತು ಎಂದು ಒಬ್ಬಳು, ಮಾತ್ರೆ ಮುಗಿದಿದೆ ಎಂದು ಇನ್ನೊಬ್ಬಳು. ಅಮ್ಮ ಇಲ್ಲ ಎಂದು ಪ್ರತಿಯೊಬ್ಬರಿಗೂ ಹೇಳಿ ಹೇಳಿ ಅವನ ಗಂಟಲು ಕಟ್ಟಿತ್ತು.

ಒಂಬತ್ತೂಮುಕ್ಕಾಲಿಗೆ ಒಂದು ಮೆಸೇಜು ಬಂತು. ಕುಮಾರೇಶ ಓದಿದ, ಮತ್ತೆ ಓದಿದ.

"ಏನ್ರೀ ಅದು?" ಎಂದಳು ಸೌಮ್ಯ.

"ಆಸ್ಪತ್ರೆಯಿಂದ. ತಮಿಳಲ್ಲೈತೆ." ಅವನು ಒಂದೊಂದೇ ಪದ ಬಿಡಿಸಿ ಹೇಳಿದ. "ನಿಮ್ಮ ಎದೆಯ ಗಂಟಿನ ಸೂಜಿ ಪರೀಕ್ಷೆ ಇಂದು ಮಧ್ಯಾಹ್ನ ಒಂದು ಗಂಟೆಗೆ. ಮೂರು ಸಲ ಬಂದಿಲ್ಲ. ತಪ್ಪದೆ ಬನ್ನಿ." ಆಮೇಲೆ ತಲೆಯೆತ್ತಿ ಅಪ್ಪನ ಕಡೆ ನೋಡಿದ. "ಅಪ್ಪಾ, ಅಮ್ಮಂಗೆ ಗಂಟಿತ್ತಾ? ನಿಂಗ್ ಗೊತ್ತಿತ್ತಾ?"

ಹೆಂಡತಿಯ ತಲೆಯ ಹತ್ತಿರ ಕುಳಿತಿದ್ದ ನಾರಾಯಣಸ್ವಾಮಿಗೆ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಿತು. "ಇಲ್ಲ ಕಣಪ್ಪ. ನಂಗೇನೂ ಹೇಳಿಲ್ಲ."

"ಮೂರ್ ಸಲ ಹೋಗಿಲ್ಲ ಅಂತೈತೆ. ಒಂದೇ ಮನೇಲಿದ್ದೆ, ಒಂದ್ ದಿನ ಕೇಳ್ಲಿಲ್ವಾ ನೀನು?"

"ಹೋದ್ ತಿಂಗ್ಳು ನಿದ್ದೆ ಬರಲ್ಲ ಅಂತಿದ್ಲು" ಎಂದ ನಾರಾಯಣಸ್ವಾಮಿ. ಯಾರಿಗೆ ಹೇಳುತ್ತಿದ್ದಾನೋ ಅವನಿಗೇ ತಿಳಿಯದಂತಿತ್ತು. "ಬಿಸಿಲಲ್ಲಿ ತಿರುಗ್ತಾಳೆ, ಅದ್ಕೆ ಅಂದ್ಕೊಂಡೆ."

ಶ್ಯಾಮಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಕ್ಕೆ ಹೋದಳು, ಒಲೆ ಹಚ್ಚದ ಅಡುಗೆಮನೆಯಲ್ಲಿ ಮಾಡುವುದಕ್ಕೇನೂ ಇರಲಿಲ್ಲ. ಹಿತ್ತಲಿಗೆ ಹೋದಳು. ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕಿದಳು, ಮೊದಲೇ ಹಾಕಿದ್ದ ಹುಲ್ಲು ಅದರ ಮುಂದೆ ಇದ್ದೇ ಇತ್ತು. ಮತ್ತೆ ಅಂಗಳಕ್ಕೆ ಬಂದಳು. ಅಷ್ಟರಲ್ಲಿ ಮಾತು ಹೆಂಗಸರ ಗುಂಪನ್ನು ಮುಟ್ಟಿಬಿಟ್ಟಿತ್ತು.

"ಎಲ್ರಿಗೂ ಹೇಳ್ಕೊಂಡ್ ತಿರುಗ್ದೋಳು, ತನ್ದೇ ನೋಡ್ಕೊಳ್ಳಿಲ್ವಲ್ಲ."

"ಎದೆ ನಿಂತೋಯ್ತು ಅಂದ್ರು. ಇದೇ ಇರ್ಬೇಕು, ಮನೆಯೋರು ಮುಚ್ಚಿಟ್ಟವ್ರೆ."

"ಅಷ್ಟ್ ತಿಳ್ದೋಳಿಗೇ ಉಳ್ಕೊಳ್ಳೋಕ್ ಆಗ್ಲಿಲ್ಲ ಅಂದ್ಮೇಲೆ ನಾವ್ ಹೋಗಿ ಏನ್ ಬಂತು?" ಎಂದಳು ಮೂಲೆಮನೆಯ ಸೊಸೆ. ಅವಳಿಗೆ ಬರುವ ಶುಕ್ರವಾರ ತಾರೀಕಿತ್ತು. ಅವಳ ಪಕ್ಕದವಳೂ ತಲೆಯಾಡಿಸಿದಳು. ಅವಳಿಗೂ ಶುಕ್ರವಾರವೇ.

ಗೇಟಿನ ಹೊರಗೆ, ಚಪ್ಪಲಿ ರಾಶಿಯ ಪಕ್ಕ, ಒಬ್ಬ ಗಿಡ್ಡ ಮನುಷ್ಯ ಒಳಕ್ಕೂ ಬರದೆ ವಾಪಸ್ಸೂ ಹೋಗದೆ ನಿಂತಿದ್ದ. ಶ್ಯಾಮಲಮ್ಮ ಅವನನ್ನು ನೋಡಿ ಅಲ್ಲೇ ನಿಂತಳು. ಚಿಕ್ಕಮುನಿಯಪ್ಪ. ಎದೆಯ ಗಂಟಿನಿಂದ ಸತ್ತುಹೋದ ಪಿಳ್ಳಮ್ಮನ ಗಂಡ. ಅವನು ಈ ಮನೆಯ ಮುಂದೆ ಬಂದು ನಾಲ್ಕು ವರ್ಷವಾಗಿತ್ತು.

*

ಪಿಳ್ಳಮ್ಮನ ವಿಷಯ ಶ್ಯಾಮಲಮ್ಮನಿಗೆ ತಿಳಿದದ್ದು ಹೋದ ಗುರುವಾರ. ಸಂಜೆ ಹಾಲು ಕರೆಯುವ ಹೊತ್ತಿಗೆ ಕನಕಮ್ಮ ಕೊಟ್ಟಿಗೆಯೊಳಗೆ ಬಂದು, ಮಗುಚಿಟ್ಟಿದ್ದ ಬುಟ್ಟಿಯ ಮೇಲೆ ಕುಳಿತಿದ್ದಳು. ಆರು ತಿಂಗಳ ಮೇಲೆ ಮೊದಲ ಸಲ.

"ಜಗಳ ಆಡೋಕ್ ಬಂದಿಲ್ಲ. ಒಂದ್ ಹೇಳೋದೈತೆ, ಹೇಳಿ ಹೋಗ್ತೀನಿ" ಎಂದಳು. "ಪಿಳ್ಳಮ್ಮನ ಪರೀಕ್ಷೆ ಆದ್ಮೇಲೆ ಒಂದ್ ಚೀಟಿ ಬಂದಿತ್ತು. ಹದಿನೈದ್ ದಿನದಾಗ ಮತ್ತೆ ಬರ್ಬೇಕು ಅಂತ. ನನ್ ಕೈಗೇ ಕೊಟ್ಟಿದ್ರು. ಆಗ ಕುಮಾರೇಶನ ಮದ್ವೆ ಓಡಾಟ. ಚೀಟಿ ಮಾತ್ರೆ ಹಾಳೆ ಸಂದೀಲಿ ಸೇರ್ಕೊಂಡು ಚೀಲದ ತಳಕ್ ಹೋಗ್ಬುಡ್ತು. ಸಿಕ್ಕಿದ್ದು ನಲವತ್ ದಿನಕ್ಕೆ."

ಶ್ಯಾಮಲಮ್ಮ ಹಾಲು ಕರೆಯುವುದನ್ನು ನಿಲ್ಲಿಸಿದಳು.

"ಕೊಟ್ಟೆ. ಹೋದ್ಲು. ತಡ ಆಗೋಯ್ತು ಅಂದ್ರು. ಆ ನಲವತ್ ದಿನದಾಗೇ ಆಯ್ತೋ, ಮುಂಚೇನೇ ಆಗೋಗಿತ್ತೋ ಅಂತ ಡಾಕ್ಟ್ರನ್ನ ಕೇಳ್ದೆ. ಅವ್ರು ಹೇಳ್ಲಿಲ್ಲ."

"ಅವ್ಳ್ ಗಂಡನ್ಗೆ ಗೊತ್ತಾ?"

"ಮಣ್ಣಾದ್ ಮೂರನೇ ದಿನ ನಾನೇ ಹೋಗ್ ಹೇಳ್ದೆ."

"ಏನಂದ?"

"ಬಾಗ್ಲಾಕ್ಕೊಂಡ." ಕನಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ವರ್ಷಕ್ಕೊಂದ್ ಸಲ ಅವ್ನ್ ಮಗಳ್ನ ಪರೀಕ್ಷೆಗ್ ಕರ್ಕೊಂಡ್ ಹೋಗೋಕ್ ಹೋಗ್ತೀನಿ. ಅವಳ್ನ ಕಳಿಸ್ತಾನೆ. ನನ್ ಹತ್ರ ಮಾತಾಡಲ್ಲ."

ಹಸು ಕಾಲು ಬದಲಿಸಿತು.

"ನೀನ್ ಬೈದ್ರೆ ನಂಗೇನೂ ಇಲ್ಲ ಶ್ಯಾಮಲಾ. ಬಯ್ಯೋಕ್ ನೀನಿರ್ಬೇಕು ಅಷ್ಟೇ. ಮಂಗಳ್ವಾರ ಒಂದ್ ಗಂಟೆಗ್ ಬರೆಸಿವ್ನಿ. ನಾನೂ ಜೊತೇಲಿ ಬತ್ತೀನಿ."

ಅವಳು ಬುಟ್ಟಿಯ ಮೇಲಿಂದ ಏಳುವ ಹಾಗೆ ಕಾಣಲಿಲ್ಲ. "ಆಯ್ತು, ಬತ್ತೀನಿ ಹೋಗು" ಎಂದಿದ್ದಳು ಶ್ಯಾಮಲಮ್ಮ. ಬರುವ ಮನಸ್ಸಿನಿಂದಲೋ, ಎಬ್ಬಿಸುವುದಕ್ಕೋ, ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ.

*

ಬಾಯಿಗೆ ಅಕ್ಕಿ ಹಾಕುವ ಹೊತ್ತಾಯಿತು. ಮಗ ಹಾಕಿದ, ಸೊಸೆ ಹಾಕಿದಳು. ನಾರಾಯಣಸ್ವಾಮಿ ಹೆಂಡತಿಯ ತುಟಿಯ ಮೇಲೆ ಅಕ್ಕಿ ಇಟ್ಟು, ಕೈ ತೆಗೆಯದೆ ಬಗ್ಗಿ, ಬೇರೆ ಯಾರೂ ಅಲ್ಲಿಲ್ಲವೆಂಬಂತೆ, "ನಂಗೂ ಹೇಳ್ಬಾರ್ದಾಗಿತ್ತೇನೆ?" ಎಂದ.

ಮುಂದಿನ ಸರದಿ ಶ್ಯಾಮಲಮ್ಮನದು. ಚೆನ್ನಮ್ಮ ಅವಳ ಅಂಗೈಗೆ ಅಕ್ಕಿ ಹಾಕಿದಳು. ಅವಳು ಕುಳಿತಳು. ಅಕ್ಕಿ ಹಿಡಿದ ಮುಷ್ಟಿ ತೆರೆಯಲಿಲ್ಲ.

"ಹಾಕೇ, ಹೊತ್ತಾಯ್ತು."

"ಬಾವ" ಎಂದಳು ಶ್ಯಾಮಲಮ್ಮ. "ಆ ಮೆಸೇಜು ಅಕ್ಕಂದಲ್ಲ."

ನಾರಾಯಣಸ್ವಾಮಿ ತಲೆಯೆತ್ತಿದ.

"ನಂದು. ಗಂಟಿರೋದು ನಂಗೆ. ಅಕ್ಕನ ನಂಬರ್ ಬರೆಸಿದ್ದೆ, ಮನೇಲಿ ಗೊತ್ತಾಗ್ಬಾರ್ದು ಅಂತ. ಮೂರ್ ಸಲಾನೂ ಹೋಗ್ದೆ ಇದ್ದೋಳು ನಾನೇ. ಅಕ್ಕಂಗೆ ಏನೂ ಇರ್ಲಿಲ್ಲ. ಬೆಳಿಗ್ಗೆ ಮೈ ತೊಳೆಯೋವಾಗ್ಲೂ ನೋಡ್ದೆ. ಏನೂ ಇಲ್ಲ."

ಕುಮಾರೇಶ ಕೈಯಲ್ಲಿದ್ದ ಫೋನನ್ನು ನೋಡಿದ, ಚಿಕ್ಕಮ್ಮನನ್ನು ನೋಡಿದ, ಆಮೇಲೆ ಮುಖ ಮುಚ್ಚಿಕೊಂಡು ಅಪ್ಪನ ಪಕ್ಕದಲ್ಲಿ ಕುಸಿದು ಕುಳಿತ. ನಾರಾಯಣಸ್ವಾಮಿ ಮಗನ ತಲೆಯ ಮೇಲೆ ಕೈಯಿಟ್ಟ. ಶ್ಯಾಮಲಮ್ಮ ಅಕ್ಕಿಯನ್ನು ಅಕ್ಕನ ಬಾಯಿಗೆ ಹಾಕಿದಳು. ಕಾಳುಗಳು ಬೆವರಿಗೆ ಅಂಗೈಗೇ ಅಂಟಿಕೊಂಡಿದ್ದವು, ಬಿಡಿಸಿ ಬಿಡಿಸಿ ಹಾಕಬೇಕಾಯಿತು.

ತಿರುಗಿದರೆ ತಿಮ್ಮರಾಜು ನಿಂತಿದ್ದ. ಚಟ್ಟಕ್ಕೆ ಕಟ್ಟುವ ಹಗ್ಗ ಕೈಯಲ್ಲಿತ್ತು.

"ಯಾವಾಗ್ಲಿಂದ?" ಎಂದ.

"ಯುಗಾದಿಗ್ ಮುಂಚಿಂದ."

ಅವನು ಹಗ್ಗವನ್ನು ಅಂಗೈಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಎಷ್ಟ್ ಗಂಟೆಗಮ್ಮ?" ಎಂದ ನಾರಾಯಣಸ್ವಾಮಿ.

"ಒಂದಕ್ಕೆ ಬಾವ."

"ಹನ್ನೊಂದಕ್ಕೆ ಶೂಳಗಿರಿ ಬಸ್ಸೈತೆ. ಅಲ್ಲಿಂದ ಕಿಷ್ಣಗಿರಿಗೆ ಸಿಕ್ತವೆ."

"ಹೆಣ ಇನ್ನೂ ಅಂಗಳದಾಗೈತೆ" ಎಂದಳು ಚೆನ್ನಮ್ಮ. "ಮನೆ ಸೊಸೆ ಸೂತಕದಾಗ ಬಸ್ ಹತ್ತೋದಾ? ಇಷ್ಟ್ ದಿನ ಇದ್ದದ್ದು ಇನ್ನ ಹನ್ನೊಂದ್ ದಿನ ಇರಲ್ವಾ?"

"ಇರ್ತದೆ ಅತ್ತೆ" ಎಂದಳು ಶ್ಯಾಮಲಮ್ಮ. "ಹನ್ನೊಂದ್ ದಿನ ಆದ್ಮೇಲೆ ನಾನ್ ಹೋಗಲ್ಲ. ನನ್ ಬುದ್ಧಿ ನಂಗೊತ್ತು."

ಚೆನ್ನಮ್ಮ ಅಕ್ಕಿಯ ತಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದಳು.

"ತಿಮ್ಮ, ನೀನೂ ಜೊತೇಲಿ ಹೋಗು" ಎಂದ ನಾರಾಯಣಸ್ವಾಮಿ.

"ಅತ್ಗೆಗೆ ಹೆಗ್ಲು ಕೊಡ್ದೆ ಹೆಂಗಣ್ಣ ಹೋಗ್ಲಿ?" ಎಂದ ತಿಮ್ಮರಾಜು. "ನಾಲ್ಕನೇ ಹೆಗ್ಲು ನಂದು."

"ಅದನ್ನ ನಾನ್ ಕೊಡ್ತೀನಿ."

ಹೇಳಿದವನು ಚಿಕ್ಕಮುನಿಯಪ್ಪ. ಅವನು ಯಾವಾಗ ಒಳಗೆ ಬಂದನೋ ಯಾರೂ ನೋಡಿರಲಿಲ್ಲ. ಟವಲು ಮಡಿಸಿ ಆಗಲೇ ಹೆಗಲ ಮೇಲಿಟ್ಟುಕೊಂಡಿದ್ದ. ನಾರಾಯಣಸ್ವಾಮಿ ಅವನನ್ನು ದಿಟ್ಟಿಸಿ ನೋಡಿ, ಆಗಲಿ ಎಂಬಂತೆ ಕತ್ತು ಆಡಿಸಿದ. ಇವನೇಕೆ ಎಂದು ಊರಿನವರಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಶ್ಯಾಮಲಮ್ಮ ಒಬ್ಬಳಿಗೇ. ಅವಳು ಕಣ್ಣು ಕೆಳಗೆ ಹಾಕಿದಳು.

ಅಷ್ಟರಲ್ಲಿ ಕುಮಾರೇಶನ ಕೈಯಲ್ಲಿದ್ದ ಫೋನು ಮತ್ತೆ ಹೊಡೆದುಕೊಂಡಿತು. ಸೌಮ್ಯ ಅದನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು. "ಅತ್ತೆ ತೀರ್ಕೊಂಡ್ರು. ನಾನು ಅವ್ರ ಸೊಸೆ. ನಿಮ್ದ್ಯಾವತ್ತು?" ಎಂದು ಕೇಳಿಸಿತು. ಸ್ವಲ್ಪ ತಡೆದು, "ಶುಕ್ರವಾರ ಅಲ್ವಾ, ಹೋಗಿ. ನಾನ್ ಗುರುವಾರ ಇನ್ನೊಂದ್ ಸಲ ಫೋನ್ ಮಾಡ್ತೀನಿ" ಎಂದಳು. ಮೂಲೆಮನೆಯ ಸೊಸೆ ಅವಳನ್ನೇ ನೋಡುತ್ತಿದ್ದಳು.

ಹತ್ತೂವರೆಗೆ ಎತ್ತಿದರು. ತಮಟೆ ಶುರುವಾಯಿತು. ಹೆಂಗಸರು ಬೀದಿಯ ಕೊನೆಯವರೆಗೆ ಹೋಗಿ ನಿಂತರು. ಶ್ಯಾಮಲಮ್ಮ ಹಿಂದಿರುಗಿ ನಿಂತಾಗ ಚೆನ್ನಮ್ಮ ಅವಳ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು. "ತಲೆಗೆ ನೀರಾದ್ರೂ ಹಾಕ್ಕೊಂಡ್ ಹೋಗು ಬಾ" ಎಂದು ತಾನೇ ನಾಲ್ಕು ಚೊಂಬು ಹೊಯ್ದಳು, ಬೆನ್ನು ಒರೆಸಿದಳು. ಎಡಗಡೆಗೆ ಕೈ ಬಂದಾಗ ಮುದುಕಿಯ ಕೈ ಒಂದು ಕ್ಷಣ ತಡೆದು, ಮುಟ್ಟದೆ ದಾಟಿತು.

ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಶ್ಯಾಮಲಮ್ಮ ಕಿಟಕಿಯ ಪಕ್ಕ ಕುಳಿತಳು. ಒದ್ದೆ ಕೂದಲಿನಿಂದ ನೀರು ರವಿಕೆಯೊಳಗೆ ಇಳಿಯುತ್ತಿತ್ತು. ತಿಮ್ಮರಾಜು ಪಕ್ಕದಲ್ಲಿ ಕುಳಿತ, ಎದ್ದ, ಕಂಬ ಹಿಡಿದು ನಿಂತ. ಊರು ದಾಟಿ ಕೆರೆಯ ತಿರುವಿಗೆ ಬಂದಾಗ ಡ್ರೈವರು ಬ್ರೇಕು ಹಾಕಿ ಎಂಜಿನ್ ನಿಲ್ಲಿಸಿದ. ಮೆರವಣಿಗೆ ಎದುರಿಗೇ ಬಂದಿತ್ತು. ಕೆರೆಯಾಚೆಯ ತೋಟಕ್ಕೆ ಹೋಗಬೇಕಾದರೆ ಈ ರಸ್ತೆ ದಾಟಲೇಬೇಕು.

ಚಟ್ಟ ಕಿಟಕಿಗೆ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಮುಂದಿನ ಎಡ ಹೆಗಲು ಚಿಕ್ಕಮುನಿಯಪ್ಪನದು. ಅವನು ಉಳಿದ ಮೂವರಿಗಿಂತ ಒಂದು ಗೇಣು ಗಿಡ್ಡ. ಚಟ್ಟ ಅವನ ಕಡೆ ವಾಲದಿರಲೆಂದು ಆ ಮೂವರೂ ಮಂಡಿ ಬಗ್ಗಿಸಿಕೊಂಡು ಸಣ್ಣ ಸಣ್ಣ ಹೆಜ್ಜೆ ಹಾಕುತ್ತಿದ್ದರು. ಅವನು ಯಾರ ಮುಖವನ್ನೂ ನೋಡದೆ, ತುದಿಗಾಲಲ್ಲಿ ನಡೆಯುತ್ತಿದ್ದ. ಬಸ್ಸಿನಲ್ಲಿದ್ದವರು ಎದ್ದು ನಿಂತರು. ತಿಮ್ಮರಾಜು ಚಪ್ಪಲಿ ಬಿಟ್ಟು, ಕಂಬಕ್ಕೆ ಹಣೆ ಒತ್ತಿದ.

ಯಾರೋ ಎರಚಿದ ಹಿಡಿ ಪುರಿ, ಚೆಂಡುಹೂವು ಬಸ್ಸಿನ ಮುಂಗಾಜಿನ ಮೇಲೆ ಬಿದ್ದು ಚೆದುರಿದವು. ತಮಟೆ ದೂರವಾಗುವವರೆಗೂ ಡ್ರೈವರು ಕಾದ. ಆಮೇಲೆ ಎಂಜಿನ್ ಹಾಕಿ, ವೈಪರನ್ನು ಎರಡು ಸಲ ಆಡಿಸಿದ. ಪುರಿಯೆಲ್ಲ ಪಕ್ಕಕ್ಕೆ ಸರಿಯಿತು. ಒಂದು ಹಳದಿ ಎಸಳು ಮಾತ್ರ ವೈಪರಿನ ಕಡ್ಡಿಗೆ ಸಿಕ್ಕಿಕೊಂಡು, ಬಸ್ಸು ಶೂಳಗಿರಿಯ ಕಡೆ ಓಡತೊಡಗಿದಾಗ, ಗಾಳಿಗೆ ಗಾಜನ್ನು ಪಟಪಟನೆ ತಟ್ಟುತ್ತಲೇ ಇತ್ತು.